ರಬ್ಬರ್ ಹಾಲಿನ ಭೂತ, ಚಾಪೆಯ ಕವಚ

1978ರಲ್ಲಿ ಜಾನ್ ಕಾರ್ಪೆಂಟರ್ ‘ಹ್ಯಾಲೋವೀನ್’ ಸಿನಿಮಾ ತೆಗೆಯಲು ಹೊರಟಾಗ ಅವರ ಕೈಯಲ್ಲಿದ್ದ ಬಜೆಟ್ಟು ಮೂರು ಲಕ್ಷ ಡಾಲರ್ ಆಸುಪಾಸು. ಹಾಲಿವುಡ್ ಲೆಕ್ಕದಲ್ಲಿ ಅದು ಪುಡಿಗಾಸು. ಕೊಲೆಗಾರ ಮೈಕಲ್ ಮೈಯರ್ಸ್‌ಗೆ ಒಂದು ಮುಖವಾಡ ಬೇಕಿತ್ತು, ಹೊಸದಾಗಿ ಮಾಡಿಸಲು ದುಡ್ಡಿರಲಿಲ್ಲ. ಕಲಾ ವಿಭಾಗ ನೋಡಿಕೊಳ್ಳುತ್ತಿದ್ದ ಟಾಮಿ ಲೀ ವಾಲೇಸ್ ಹಾಲಿವುಡ್ ಬೊಲೆವಾರ್ಡ್‌ನ ಮ್ಯಾಜಿಕ್ ಸಾಮಾನಿನ ಅಂಗಡಿಗೆ ಹೋಗಿ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್, ಅಂದರೆ ನಟ ವಿಲಿಯಂ ಶಾಟ್ನರ್ ಮುಖದ ಲೇಟೆಕ್ಸ್ ಮುಖವಾಡವೊಂದನ್ನು ಎರಡು ಡಾಲರಿಗೂ ಕಡಿಮೆ ಬೆಲೆಗೆ ಕೊಂಡು ತಂದರು. ಹುಬ್ಬು ಕಿತ್ತರು, ಕಣ್ಣಿನ ತೂತು ಹಿಗ್ಗಿಸಿದರು, ಮುಖಕ್ಕೆಲ್ಲ ಬಿಳಿ ಬಣ್ಣ ಹೊಡೆದು ತಲೆಗೂದಲು ಕೆದರಿದರು. ಕೋಪವೂ ಇಲ್ಲದ, ನಗುವೂ ಇಲ್ಲದ ಆ ಬಿಳಿಚಿದ ಮುಖ ಅಮೆರಿಕವನ್ನು ಇವತ್ತಿಗೂ ಹೆದರಿಸುತ್ತಿದೆ.

ಅಂಗಡಿಯ ಸರಕಾಗಿದ್ದ ಆ ಮುಖವಾಡವನ್ನು ಮಾಡಿದ್ದು ಡಾನ್ ಪೋಸ್ಟ್ ಸ್ಟುಡಿಯೋಸ್. ತಲೆಯ ಮೇಲಿಂದ ಪೂರ್ತಿ ಎಳೆದುಕೊಳ್ಳುವ ರಬ್ಬರ್ ಮುಖವಾಡಗಳನ್ನು 1930ರ ದಶಕದ ಕೊನೆಯಿಂದಲೇ ಅಮೆರಿಕದ ಮಾರುಕಟ್ಟೆಗೆ ತಂದ ಸಂಸ್ಥೆ ಅದು. ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಕೇಳುವ ಮಕ್ಕಳಿಗೆ, ಅವರ ಜೊತೆಗೆ ಹೋಗುವ ದೊಡ್ಡವರಿಗೆ ಇಂಥ ಸಿದ್ಧ ಮುಖವಾಡಗಳೇ ಸಾಕಾಗುತ್ತವೆ. ಅಷ್ಟಕ್ಕೆ ತೃಪ್ತರಾಗದವರೂ ಇದ್ದಾರೆ. ಅಂಥವರ ಮನೆಗಳಲ್ಲಿ ಸೆಪ್ಟೆಂಬರ್ ಹೊತ್ತಿಗೇ ಗ್ಯಾರೇಜಿನಿಂದ ಕಾರು ಹೊರಗೆ ಬರುತ್ತದೆ. ಒಳಗೆ ಜೇಡಿಮಣ್ಣು, ಜಿಪ್ಸಂ ಚೀಲ, ರಬ್ಬರ್ ಹಾಲಿನ ಡಬ್ಬಿ, ಫೋಮ್ ಚಾಪೆಗಳ ಕಟ್ಟು ಸೇರುತ್ತವೆ. ಅಲ್ಲಿ ನಡೆಯುವ ಕೆಲಸಕ್ಕೂ ಹಾಲಿವುಡ್ಡಿನ ಕಾರ್ಯಾಗಾರದಲ್ಲಿ ನಡೆಯುವ ಕೆಲಸಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಅದೇ ಸಾಮಗ್ರಿ, ಅದೇ ಕ್ರಮ. ಹಾಗಾಗಲು ಕಾರಣ, ಬೀಗ ಹಾಕಿ ಇಟ್ಟಿದ್ದ ವಿದ್ಯೆಯನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟ ಒಬ್ಬ ಮನುಷ್ಯ.

ಮೊದಲು ಆ ಬೀಗದ ಸಂಗತಿ. 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರಕ್ಕೆ ಜ್ಯಾಕ್ ಪಿಯರ್ಸ್ ಹತ್ತಿ ಮತ್ತು ಕಲೋಡಿಯನ್ ಎಂಬ ಅಂಟುದ್ರವವನ್ನು ಪದರ ಪದರವಾಗಿ ಹಚ್ಚಿ ಬೋರಿಸ್ ಕಾರ್ಲಾಫ್ ಅವರ ಹಣೆಯನ್ನು ದಿನವೂ ಹೊಸದಾಗಿ ಕಟ್ಟುತ್ತಿದ್ದರು. ಒಂದೊಂದು ದಿನದ ಮೇಕಪ್ಪಿಗೇ ಗಂಟೆಗಟ್ಟಲೆ ಸಮಯ ಹಿಡಿಯುತ್ತಿತ್ತು. 1939ರ ‘ದಿ ವಿಝರ್ಡ್ ಆಫ್ ಆಝ್’ ಹೊತ್ತಿಗೆ ಎಂಜಿಎಂ ಸ್ಟುಡಿಯೋದ ಜ್ಯಾಕ್ ಡಾನ್ ನೊರೆ ರಬ್ಬರಿನ ತುಂಡುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ನಟರ ಮುಖಕ್ಕೆ ಅಂಟಿಸುವ ದಾರಿ ತೆರೆದರು. ಆದರೆ ಯಾವ ಸ್ಟುಡಿಯೋದ ಪಾಕ ಏನು ಎಂಬುದು ಹೊರಗಿನವರಿಗೆ ಸಿಗುತ್ತಿರಲಿಲ್ಲ. ಗುಟ್ಟಷ್ಟೇ ಅಲ್ಲ, ಹೆಸರು ಕೂಡ ಕೆಲವರ ಕೈಯಲ್ಲೇ ಉಳಿಯುತ್ತಿತ್ತು. 1954ರ ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ ಚಿತ್ರದ ಮೀನು-ಮನುಷ್ಯನ ರೂಪ ರಚಿಸಿದ್ದು ಮಿಲಿಸೆಂಟ್ ಪ್ಯಾಟ್ರಿಕ್ ಎಂಬ ಕಲಾವಿದೆ. ತೆರೆಯ ಮೇಲೆ ಮೇಕಪ್ಪಿನ ಶ್ರೇಯ ಸಿಕ್ಕಿದ್ದು ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್‌ಗೆ. ಆಕೆಯ ಹೆಸರು ದಶಕಗಳ ಕಾಲ ಮರೆಯಲ್ಲಿತ್ತು. ಇದು ಅನ್ಯಾಯ, ಆ ಚಿತ್ರದ ಮಾತು ಬಂದಾಗಲೆಲ್ಲ ಇದನ್ನೂ ಹೇಳಬೇಕು.

1957ರಲ್ಲಿ ಯೂನಿವರ್ಸಲ್‌ನ ಹಳೆಯ ಭಯಾನಕ ಚಿತ್ರಗಳು ಅಮೆರಿಕದ ಟಿವಿಗೆ ಬಂದವು. ಮರುವರ್ಷ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಎಂಬ ಪತ್ರಿಕೆ ಹುಟ್ಟಿತು. ಒಂದು ಇಡೀ ತಲೆಮಾರಿನ ಹುಡುಗರಿಗೆ ರಾಕ್ಷಸರ ಹುಚ್ಚು ಹತ್ತಿತು. 1965ರಲ್ಲಿ ಅದೇ ಪ್ರಕಾಶಕರಿಂದ ಡಿಕ್ ಸ್ಮಿತ್ ಅವರ ‘ಡೂ-ಇಟ್-ಯುವರ್‌ಸೆಲ್ಫ್ ಮಾನ್‌ಸ್ಟರ್ ಮೇಕಪ್ ಹ್ಯಾಂಡ್‌ಬುಕ್’ ಬಂತು. ಸ್ಮಿತ್ ಎನ್‌ಬಿಸಿ ಟಿವಿಯ ಮೇಕಪ್ ವಿಭಾಗ ಕಟ್ಟಿದವರು. ಮುಂದೆ ‘ಲಿಟಲ್ ಬಿಗ್ ಮ್ಯಾನ್’ನಲ್ಲಿ ಡಸ್ಟಿನ್ ಹಾಫ್‌ಮನ್‌ರನ್ನು 121 ವರ್ಷದ ಮುದುಕನಾಗಿಸಿದವರು, ‘ದಿ ಎಕ್ಸಾರ್ಸಿಸ್ಟ್’ಗೆ ದೆವ್ವ ಹಿಡಿದ ಹುಡುಗಿಯ ಮುಖ ಕೊಟ್ಟವರು, ‘ಅಮಾಡಿಯಸ್’ಗೆ ಆಸ್ಕರ್ ಪಡೆದವರು. ಅಂಥವರು ಅಡುಗೆಮನೆಯಲ್ಲೂ ಮೂಲೆ ಅಂಗಡಿಯಲ್ಲೂ ಸಿಗುವ ಸಾಮಾನಿನಿಂದ ಗಾಯ, ಸುಕ್ಕು, ಕೋರೆಹಲ್ಲು ಮಾಡುವುದು ಹೇಗೆಂದು ಶಾಲಾ ಹುಡುಗರಿಗೆ ಹಂತಹಂತವಾಗಿ ಬರೆದು ಕೊಟ್ಟರು.

ಪುಸ್ತಕಕ್ಕೇ ಅವರ ಔದಾರ್ಯ ಮುಗಿಯಲಿಲ್ಲ. ಪತ್ರ ಬರೆದ ಹುಡುಗರಿಗೆಲ್ಲ ಉತ್ತರ ಬರೆಯುತ್ತಿದ್ದರು. ಹಾಗೆ ಪತ್ರ ಬರೆದು ಹತ್ತಿರವಾದ ಕ್ಯಾಲಿಫೋರ್ನಿಯಾದ ರಿಕ್ ಬೇಕರ್ ‘ಎಕ್ಸಾರ್ಸಿಸ್ಟ್’ನಲ್ಲಿ ಅವರಿಗೆ ಸಹಾಯಕರಾದರು. ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಚಿತ್ರಕ್ಕಾಗಿ ಮೇಕಪ್ ವಿಭಾಗದ ಮೊಟ್ಟಮೊದಲ ಸ್ಪರ್ಧಾತ್ಮಕ ಆಸ್ಕರ್ ಗೆದ್ದರು. ಒಟ್ಟು ಏಳು ಗೆದ್ದರು. ಈಗ ಅವರ ಮನೆಯವರೆಲ್ಲ ಸೇರಿ ಹಾಕುವ ಹ್ಯಾಲೋವೀನ್ ವೇಷಗಳನ್ನು ನೋಡಲು ಅಭಿಮಾನಿಗಳು ಕಾಯುತ್ತಾರೆ. ಮುಂದೆ ನಿರ್ದೇಶಕರಾದ ಜೆ. ಜೆ. ಏಬ್ರಮ್ಸ್ ಕೂಡ ಹುಡುಗನಾಗಿದ್ದಾಗ ಸ್ಮಿತ್‌ಗೆ ಪತ್ರ ಬರೆದಿದ್ದರು. ಉತ್ತರವಾಗಿ ಬಂದ ಪೆಟ್ಟಿಗೆಯಲ್ಲಿ ‘ಎಕ್ಸಾರ್ಸಿಸ್ಟ್’ಗೆಂದು ಮಾಡಿದ್ದ ಕೃತಕ ನಾಲಗೆಯಿತ್ತು! ಸಿನಿಮಾ ರಕ್ತಕ್ಕೆಂದು ಜೋಳದ ಸಿರಪ್ಪು ಮತ್ತು ಬಣ್ಣ ಸೇರಿಸಿ ಸ್ಮಿತ್ ರೂಪಿಸಿದ ಪಾಕ ಇಂದಿಗೂ ಚಾಲ್ತಿಯಲ್ಲಿದೆ. ಇವತ್ತು ಯಾವುದೋ ಊರಿನ ಗ್ಯಾರೇಜಿನಲ್ಲಿ ಹದಿನೈದರ ಹುಡುಗಿಯೊಬ್ಬಳು ಮುಖವಾಡಕ್ಕೆ ಕೈ ಹಾಕಿದರೆ, ಆ ವಿದ್ಯೆಯ ಬೇರು ಈ ಮನುಷ್ಯನ ಅಂಚೆಪೆಟ್ಟಿಗೆಗೆ ತಲುಪುತ್ತದೆ ಎನ್ನಲು ನನಗೆ ಸಂಕೋಚವಿಲ್ಲ.

ಇನ್ನು ಕೆಲಸದ ಮಾತು. ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ನಸುಕಿನಲ್ಲೇ ಟ್ಯಾಪಿಂಗ್ ಮಾಡುವವರಿಗೆ ಇದರ ಗುಣ ಹೇಳಿಕೊಡಬೇಕಾಗಿಲ್ಲ. ತೊಗಟೆ ಕೆತ್ತಿದ ಗೆರೆಯಿಂದ ಇಳಿದ ಹಾಲು ಹೆಚ್ಚು ಹೊತ್ತು ಹಾಗೇ ಬಿಟ್ಟರೆ ತಾನಾಗಿ ಹೆಪ್ಪುಗಟ್ಟುತ್ತದೆ. ಶೀಟ್ ಮಾಡುವವರು ಫಾರ್ಮಿಕ್ ಆಸಿಡ್ ಹಾಕಿ ಬೇಕೆಂದೇ ಹೆಪ್ಪುಗಟ್ಟಿಸುತ್ತಾರೆ. ಹಾಲಾಗಿಯೇ ಉಳಿಯಬೇಕೆಂದರೆ ಅಮೋನಿಯಾ ಬೆರೆಸಬೇಕು. ಮರದಿಂದ ಬಂದಾಗ ಅದರಲ್ಲಿ ರಬ್ಬರಿನ ಅಂಶ ಮೂರನೇ ಒಂದು ಭಾಗದಷ್ಟು. ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ನೀರು ಬೇರ್ಪಡಿಸಿದಾಗ ಶೇಕಡಾ 60ಕ್ಕೆ ಏರುತ್ತದೆ. ಮುಖವಾಡಕ್ಕೆ ಬಳಸುವ ಲೇಟೆಕ್ಸ್ ಇದೇ ಸಾಂದ್ರ ಹಾಲು. ಅದಕ್ಕೆ ಗಂಧಕ ಸೇರಿಸಿ ಮೊದಲೇ ಹದ ಮಾಡಿರುತ್ತಾರೆ. ಡಬ್ಬಿಯ ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವ ಘಾಟು ಅಮೋನಿಯಾದ್ದು.

ಆದರೆ ಲೇಟೆಕ್ಸ್ ಬರುವುದು ಕೊನೆಗೆ. ಮೊದಲು ಮಣ್ಣು. ತಲೆಯ ಅಳತೆಯ ಆಕೃತಿಯೊಂದರ ಮೇಲೆ ಜೇಡಿಮಣ್ಣು ಮೆತ್ತಿ ಮುಖವನ್ನು ತಿದ್ದಬೇಕು. ಒಣಗಿದ ರಬ್ಬರು ತುಸು ಕುಗ್ಗುವುದರಿಂದ ಮಣ್ಣಿನ ಮುಖ ತೊಡುವವರ ತಲೆಗಿಂತ ಕೊಂಚ ದೊಡ್ಡದಿರಬೇಕು. ಹೊಸಬರು ಸಾಮಾನ್ಯವಾಗಿ ಎಡಬಲ ಎರಡನ್ನೂ ಒಂದೇ ಸಮ ತಿದ್ದಲು ಹೆಣಗುತ್ತಾರೆ. ಜೀವಂತ ಮುಖ ಯಾವುದೂ ಹಾಗಿರುವುದಿಲ್ಲ. ಒಂದು ಹುಬ್ಬು ತುಸು ಮೇಲೆ, ಬಾಯಿಯ ಒಂದು ಮೂಲೆ ತುಸು ಕೆಳಗೆ ಇದ್ದರೆ ರಾಕ್ಷಸನಿಗೂ ಜೀವ ಬರುತ್ತದೆ. ಬಾಯಗಲಿಸಿ ಅಬ್ಬರಿಸುವ ಮುಖಕ್ಕಿಂತ, ಏನು ಯೋಚಿಸುತ್ತಿದೆ ಎಂದು ಗೊತ್ತಾಗದ ಮುಖ ಹೆಚ್ಚು ಹೊತ್ತು ಹೆದರಿಸುತ್ತದೆ. ಮೇಲಿನಿಂದ ಬೆಳಕು ಬಿದ್ದಾಗ ಒಂದು ಭಾವ, ತಲೆ ತಗ್ಗಿಸಿದಾಗ ಇನ್ನೊಂದು ಭಾವ ಕಾಣುವಂತೆ ತಿದ್ದುವುದೇ ಇಲ್ಲಿ ನಿಜವಾದ ಕೈಚಳಕ. ಚರ್ಮದ ರಂಧ್ರಗಳಿಗೆ ಕಿತ್ತಳೆ ಸಿಪ್ಪೆಯ ಮೈಯನ್ನು ಲೇಟೆಕ್ಸಿನಲ್ಲಿ ಅಚ್ಚು ತೆಗೆದು ಮಣ್ಣಿನ ಮೇಲೆ ಒತ್ತುವ ಹಳೆಯ ಉಪಾಯ ಈಗಲೂ ಕೆಲಸ ಮಾಡುತ್ತದೆ.

ಮುಖ ಸಿದ್ಧವಾದ ಮೇಲೆ ಅಚ್ಚು. ಕಿವಿಗಳ ಸಾಲಿನಲ್ಲಿ, ತಲೆಯ ಮೇಲಿಂದ ಕತ್ತಿನವರೆಗೆ ಮಣ್ಣಿನದೇ ಒಂದು ಬದು ಕಟ್ಟುತ್ತಾರೆ. ಅದರ ಮುಂದಿನ ಅರ್ಧಕ್ಕೆ ಜಿಪ್ಸಂ. ಮೊದಲ ಪದರವನ್ನು ತೆಳ್ಳಗೆ ಕಲಸಿ, ಕುಂಚದಿಂದ ಮೂಗಿನ ಹೊಳ್ಳೆ, ಕಣ್ಣಿನ ಮೂಲೆಗಳಿಗೆಲ್ಲ ಗಾಳಿಗುಳ್ಳೆ ನಿಲ್ಲದಂತೆ ಹಚ್ಚಬೇಕು. ಆಮೇಲಿನ ಪದರಗಳಿಗೆ ಗೋಣಿತಾಟಿನ ತುಂಡುಗಳನ್ನು ಅದ್ದಿ ಹಾಕಿದರೆ ಅಚ್ಚು ಬಿರಿಯುವುದಿಲ್ಲ. ಮುಂಭಾಗ ಗಟ್ಟಿಯಾದ ಮೇಲೆ ಬದು ಕಿತ್ತು, ಅಂಚಿಗೆ ವ್ಯಾಸಲೀನ್ ಸವರಿ ಹಿಂಭಾಗವನ್ನೂ ಮಾಡಬೇಕು. ವ್ಯಾಸಲೀನ್ ಮರೆತರೆ ಎರಡು ಹೋಳು ಒಂದೇ ಬಂಡೆಯಾಗುತ್ತದೆ, ಸುತ್ತಿಗೆಯಿಂದಷ್ಟೇ ಬಿಡಿಸಬಹುದು. ಎರಡೂ ಹೋಳು ಸರಿಯಾಗಿ ಕೂರಲೆಂದು ಮೊದಲ ಅಂಚಿನಲ್ಲಿ ಕುಳಿಗಳನ್ನು ಮಾಡಿರುತ್ತಾರೆ. ಎರಡನೆಯದು ಆ ಕುಳಿಗಳಿಗೆ ಉಬ್ಬಾಗಿ ಕೂರುತ್ತದೆ. ಮರುದಿನ ಬಿಡಿಸಿ, ಒಳಗಿನ ಮಣ್ಣನ್ನೆಲ್ಲ ತೆಗೆದು ತೊಳೆದು, ಅಚ್ಚು ಚೆನ್ನಾಗಿ ಒಣಗಲು ದಿನಗಟ್ಟಲೆ ಬಿಡಬೇಕು. ಇಲ್ಲಿ ಅವಸರ ಮಾಡುವವರು ಮುಂದೆ ಕೈಸುಟ್ಟುಕೊಳ್ಳುತ್ತಾರೆ, ಏಕೆಂದರೆ ಒದ್ದೆ ಅಚ್ಚು ಹಾಲಿನ ನೀರನ್ನು ಹೀರುವುದಿಲ್ಲ.

ಆ ಹೀರುವಿಕೆಯಲ್ಲೇ ಇಡೀ ವಿದ್ಯೆ ಅಡಗಿದೆ. ಎರಡು ಹೋಳನ್ನು ಪಟ್ಟಿಯಿಂದ ಬಿಗಿದು ತಲೆಕೆಳಗಾಗಿ ನಿಲ್ಲಿಸಿ, ಕತ್ತಿನ ಬಾಯಿಯಿಂದ ಲೇಟೆಕ್ಸ್ ಸುರಿಯುತ್ತಾರೆ. ಅಚ್ಚನ್ನು ಅತ್ತಿತ್ತ ಹೊರಳಿಸಿ ಎಲ್ಲ ಮೂಲೆಗೂ ಹಾಲು ಹರಿಯುವಂತೆ ಮಾಡಿ, ತುಂಬಿಸಿ ಬಿಡುತ್ತಾರೆ. ಜಿಪ್ಸಂ ನೀರನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಅದರಲ್ಲಿರುವ ಕ್ಯಾಲ್ಸಿಯಂ, ಹಾಲಿನ ರಬ್ಬರ್ ಕಣಗಳನ್ನು ದೂರದೂರ ಇಟ್ಟಿದ್ದ ವಿದ್ಯುದಂಶವನ್ನು ಕಳೆಯುತ್ತದೆ. ಕೈಗವಸಿನ ಕಾರ್ಖಾನೆಗಳಲ್ಲೂ ಇದೇ ಕಾರಣಕ್ಕೆ ಕೈಯಾಕಾರದ ಅಚ್ಚುಗಳನ್ನು ಮೊದಲು ಕ್ಯಾಲ್ಸಿಯಂ ಲವಣದ ದ್ರಾವಣದಲ್ಲಿ ಅದ್ದುತ್ತಾರೆ. ಕಣಗಳು ಗೋಡೆಯ ಬಳಿ ಒಂದಕ್ಕೊಂದು ಅಂಟಿ, ಕಾಯಿಸಿದ ಹಾಲಿಗೆ ಕೆನೆ ಕಟ್ಟಿದಂತೆ ಪದರ ಕಟ್ಟುತ್ತವೆ. ಹೊತ್ತು ಹೆಚ್ಚಾದಷ್ಟೂ ಪದರ ದಪ್ಪ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಉಳಿದ ಹಾಲನ್ನು ಬಕೆಟ್ಟಿಗೆ ವಾಪಸು ಸುರಿದರೆ ಗೋಡೆಗಂಟಿ ಉಳಿದದ್ದೇ ಮುಖವಾಡ.

ಒಣಗಿದ ಮೇಲೆ ಬಿಡಿಸುವ ಗಳಿಗೆ ಸೂಕ್ಷ್ಮ. ಹೊಸ ಲೇಟೆಕ್ಸಿನ ಎರಡು ಮೈ ಒಂದಕ್ಕೊಂದು ತಗುಲಿದರೆ ಅಂಟಿಕೊಂಡುಬಿಡುತ್ತವೆ, ಬಿಡಿಸಲು ಹೋದರೆ ಹರಿಯುತ್ತದೆ. ಹಾಗಾಗಿ ಒಳಗೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಬಿಡಿಸುತ್ತ ಬಿಡಿಸುತ್ತ ಹೊರಮೈಗೂ ಪೌಡರ್ ಹಚ್ಚುತ್ತ ನಿಧಾನಕ್ಕೆ ಸುಲಿಯಬೇಕು. ಕೈಗೆ ಬರುವುದು ಜೇನು ಬಣ್ಣದ, ಮೆತ್ತನೆಯ, ಕಣ್ಣಿಲ್ಲದ ಒಂದು ಮುಖ. ಹೋಳುಗಳು ಕೂಡಿದ ಕಡೆಯ ಗೆರೆಯನ್ನು ಕತ್ತರಿಸಿ ಉಜ್ಜಿ, ಕಣ್ಣು, ಮೂಗಿನ ಹೊಳ್ಳೆ, ಬಾಯಿ ತೆರೆಯಬೇಕು.

ಬಣ್ಣವೂ ರಬ್ಬರಿನೊಂದಿಗೆ ಹಿಗ್ಗಬೇಕು, ಇಲ್ಲದಿದ್ದರೆ ಒಮ್ಮೆ ತೊಟ್ಟು ತೆಗೆಯುವುದರಲ್ಲಿ ಸಿಪ್ಪೆ ಏಳುತ್ತದೆ. ಮನೆಯಲ್ಲಿ ಮಾಡುವವರಿಗೆ ಲೇಟೆಕ್ಸಿನಲ್ಲೇ ಅಕ್ರಿಲಿಕ್ ಬಣ್ಣ ಕಲಸುವುದು ಸುರಕ್ಷಿತ ದಾರಿ. ಒದ್ದೆಯಿದ್ದಾಗ ಹಾಲಿನ ಬಿಳುಪಿನಿಂದಾಗಿ ಬಣ್ಣ ತಿಳಿಯಾಗಿ ಕಾಣುತ್ತದೆ, ಒಣಗಿದಾಗ ಗಾಢವಾಗುತ್ತದೆ. ಕಲಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸುಕ್ಕಿನ ಆಳಕ್ಕೆ ಕಡುಬಣ್ಣ ತೆಳ್ಳಗೆ ಹರಿಸಿ ಒರೆಸುವುದು, ಉಬ್ಬಿದ ಕಡೆ ತಿಳಿಬಣ್ಣ ತಾಗಿಸುವುದು, ಸ್ಪಂಜಿನಿಂದ ಕೆಂಪು, ನೀಲಿ, ಹಳದಿಯ ಚುಕ್ಕಿ ಇಡುವುದು: ಚರ್ಮ ಒಂದೇ ಬಣ್ಣದ್ದಲ್ಲ ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಆಗದು. ತೊಡುವ ಮುನ್ನ ಕಣ್ಣಿನ ಸುತ್ತ ಕಪ್ಪು ಹಚ್ಚಿಕೊಂಡರೆ ಮುಖವಾಡದ ಅಂಚಿಗೂ ನಿಜವಾದ ರೆಪ್ಪೆಗೂ ನಡುವಿನ ಸಂದು ಕಾಣಿಸದು.

ಕವಚದ ಕಥೆ ಬೇರೆ. ಅಲ್ಲಿ ಮುಖ್ಯವಾದ ಸಾಮಗ್ರಿ ಇವಿಎ ಫೋಮ್. ಜಿಮ್ಮಿನ ನೆಲಕ್ಕೆ, ಮಕ್ಕಳ ಆಟದ ಕೋಣೆಗೆ ಹಾಸುವ, ಹಲ್ಲು ಹಲ್ಲಾಗಿ ಜೋಡಿಸುವ ಚಾಪೆಗಳು ಇದರವೇ. ಚಪ್ಪಲಿಯ ಅಟ್ಟೆಯೂ ಎಷ್ಟೋ ಸಲ ಇದರದೇ. ಮೈಯ ಅಳತೆ ತೆಗೆಯುವ ಬಗೆ ಸರಳ ಮತ್ತು ಜಾಣತನದ್ದು. ಎದೆಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಗಲ ಟೇಪು ಅಂಟಿಸಿ, ಕವಚದ ಗೆರೆಗಳನ್ನು ಮಾರ್ಕರಿನಿಂದ ಬರೆದು, ಕತ್ತರಿಸಿ ಬಿಡಿಸಿ ಹಾಸಿದರೆ ದರ್ಜಿಯ ಕಾಗದದ ಅಳತೆಯೇ ಸಿದ್ಧ. ಅದನ್ನು ಫೋಮಿಗೆ ಇಳಿಸಿ ಹೊಸ ಬ್ಲೇಡಿನಿಂದ ಕತ್ತರಿಸುತ್ತಾರೆ. ಮೊಂಡು ಬ್ಲೇಡು ಫೋಮನ್ನು ಕತ್ತರಿಸದು, ಹರಿಯುತ್ತದೆ.

ಹೀಟ್ ಗನ್ನಿನ ಬಿಸಿಗಾಳಿ ತಾಗಿದಾಗ ಈ ಫೋಮ್ ಮೆತ್ತಗಾಗುತ್ತದೆ. ಬಗ್ಗಿಸಿ ಹಿಡಿದರೆ ಆರಿದ ಮೇಲೂ ಆ ಆಕಾರದಲ್ಲೇ ನಿಲ್ಲುತ್ತದೆ. ಬಿಸಿಗೆ ಮೇಲ್ಮೈಯ ಸಣ್ಣ ರಂಧ್ರಗಳು ಮುಚ್ಚಿ ಮೈ ನುಣುಪಾಗುತ್ತದೆ, ಬಣ್ಣ ಹೀರುವುದು ಕಡಿಮೆಯಾಗುತ್ತದೆ. ಫೋಮಿನ ಅರ್ಧ ಆಳಕ್ಕೆ ಬ್ಲೇಡಿನಿಂದ ಒಂದು ಗೆರೆ ಎಳೆದರೆ ಮೊದಲಿಗೆ ಏನೂ ಕಾಣಿಸದು. ಅದರ ಮೇಲೆ ಬಿಸಿಗಾಳಿ ಹಾಯಿಸಿದೊಡನೆ ಗೆರೆ ಬಾಯಿಬಿಟ್ಟು ತಗಡಿನ ಜೋಡಣೆಯ ಕಾಲುವೆಯಾಗುತ್ತದೆ. ಉಂಡೆ ಮಾಡಿದ ಅಲ್ಯೂಮಿನಿಯಂ ಹಾಳೆಯನ್ನು ಬಿಸಿ ಫೋಮಿಗೆ ಒತ್ತಿದರೆ ಹಳೆಯ ಚರ್ಮದ ಮೈ ಬರುತ್ತದೆ. ಜೋಡಿಸುವುದಕ್ಕೆ ಚಮ್ಮಾರರು ಅಟ್ಟೆಗೆ ಬಳಸುವ ಜಾತಿಯ ಅಂಟು: ಎರಡೂ ಅಂಚಿಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಬೇಕು. ಕೂಡಿಸಿದ್ದನ್ನು ಮತ್ತೆ ಸರಿಸಲಾಗದು. ಕೊನೆಗೆ ರಬ್ಬರಿನ ಲೇಪ, ಕಪ್ಪು ಬಣ್ಣ, ಅದರ ಮೇಲೆ ಬಹುತೇಕ ಒಣಗಿದ ಕುಂಚದಿಂದ ಅಂಚುಗಳಿಗಷ್ಟೇ ಬೆಳ್ಳಿ. ನಿಜವಾದ ಉಕ್ಕು ಸವೆಯುವುದೂ ಹೊಳೆಯುವುದೂ ಅಂಚಿನಲ್ಲೇ ಆದ್ದರಿಂದ ಕಣ್ಣು ಸುಲಭವಾಗಿ ನಂಬುತ್ತದೆ.

ಸಿನಿಮಾದವರೂ ಹೀಗೇ ನಂಬಿಸಿದವರು. 1975ರ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ನ ಸೈನಿಕರ ಸರಪಳಿ ಅಂಗಿ ಬೆಳ್ಳಿ ಬಣ್ಣ ಹೊಡೆದ ಹೆಣಿಗೆ. 1977ರ ‘ಸ್ಟಾರ್ ವಾರ್ಸ್’ನ ಬಿಳಿ ಸೈನಿಕರ ಕವಚ, ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಗಾಳಿ ಎಳೆದು ಕೂರಿಸಿದ್ದು. ಆ ಸೈನಿಕರ ಶಿರಸ್ತ್ರಾಣಗಳನ್ನು ತಯಾರಿಸಿದ ಆಂಡ್ರ್ಯೂ ಐನ್ಸ್‌ವರ್ತ್ ಮೇಲೆ ಲೂಕಾಸ್ ಫಿಲ್ಮ್ ಹೂಡಿದ ಹಕ್ಕುಸ್ವಾಮ್ಯದ ದಾವೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶಿರಸ್ತ್ರಾಣ ಶಿಲ್ಪವಲ್ಲ, ಸಿನಿಮಾದ ಉಪಯೋಗಕ್ಕೆ ಮಾಡಿದ ವಸ್ತು ಎಂದು 2011ರಲ್ಲಿ ತೀರ್ಪು ಬಂತು. ಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಕೂರಿಸುವ ಇದೇ ಕೆಲಸವನ್ನು ಅವನ್ ಮತ್ತು ವ್ಯಾಕ್ಯೂಮ್ ಕ್ಲೀನರ್‌ನಿಂದ ಸಾಧಿಸಿದವರು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ.

ಅಂದ ಎಷ್ಟಿದ್ದರೂ ಕವಚದೊಳಗೆ ಗಾಳಿ ಆಡಬೇಕು. 1981ರ ‘ಎಕ್ಸ್‌ಕ್ಯಾಲಿಬರ್’ಗೆ ಟೆರಿ ಇಂಗ್ಲಿಷ್ ಅಲ್ಯೂಮಿನಿಯಂನಲ್ಲಿ ಮಾಡಿದ ಕವಚಗಳನ್ನು ನೋಡಿ ಮರುಳಾದ, ಮುಂದೆ ಟಿವಿ ನಿರೂಪಕರಾಗಿ ಹೆಸರಾದ ಆ್ಯಡಂ ಸ್ಯಾವೇಜ್, ಹೈಸ್ಕೂಲಿನಲ್ಲಿದ್ದಾಗ ತಂದೆಯ ಜೊತೆ ಸೇರಿ ಛಾವಣಿಯ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು ಪೂರ್ತಿ ಕವಚವನ್ನೇ ಮಾಡಿದರು. ಅದನ್ನು ತೊಟ್ಟು ಶಾಲೆಗೆ ಹೋದ ದಿನ ಗಣಿತದ ತರಗತಿಯಲ್ಲಿ ಸೆಖೆ ತಾಳಲಾರದೆ ಎಚ್ಚರ ತಪ್ಪಿ ಬಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಕಂಕುಳಲ್ಲಿ, ಬೆನ್ನಿನಲ್ಲಿ ಸಂದು ಬಿಡುವುದು, ಒಳಗೆ ಹತ್ತಿ ಬನಿಯನ್ ತೊಡುವುದು, ಒಬ್ಬರೇ ಬಿಚ್ಚಿಕೊಳ್ಳುವಂತೆ ವೆಲ್ಕ್ರೋ ಪಟ್ಟಿ ಇಡುವುದು ಅಲಂಕಾರಕ್ಕಿಂತ ಮೊದಲು ಆಗಬೇಕಾದ ಕೆಲಸ.

ಅಪಾಯದ ಮಾತನ್ನು ನಾನು ಮೆಲ್ಲಗೆ ಹೇಳುವುದಿಲ್ಲ. ಜಿಪ್ಸಂ ಗಟ್ಟಿಯಾಗುವಾಗ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಕೈಯನ್ನೋ ಮುಖವನ್ನೋ ನೇರವಾಗಿ ಅದರಲ್ಲಿ ಹುದುಗಿಸಬಾರದು, ಎಂದಿಗೂ ಬಾರದು. ಕೈಗವಸು, ಬಲೂನಿನಿಂದ ಮೈ ತುರಿಸುವವರಿಗೆ ಲೇಟೆಕ್ಸ್ ಅಲರ್ಜಿ ಇರಬಹುದು. ಅದು ಉಸಿರು ಕಟ್ಟಿಸುವ ಮಟ್ಟಕ್ಕೂ ಹೋಗಬಲ್ಲದು, ಅಂಥವರು ಇದರಿಂದ ದೂರವಿರಬೇಕು. ಅಂಟಿನ ಆವಿಗೆ ಬೆಂಕಿ ತಗುಲುತ್ತದೆ, ಆದ್ದರಿಂದ ಅಂಟೂ ಹೀಟ್ ಗನ್ನೂ ಒಂದೇ ಮೇಜಿನ ಮೇಲಿರಬಾರದು. ಬಿಸಿ ಫೋಮಿನ ಹೊಗೆಗೆ, ಉಜ್ಜಿದ ಧೂಳಿಗೆ ಬಟ್ಟೆಯ ಮಾಸ್ಕ್ ಸಾಲದು. ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು, ಬಾಗಿಲು ತೆರೆದಿರಬೇಕು. ಪುಟ್ಟ ಮಕ್ಕಳಿಗೆ ತಲೆ ಪೂರ್ತಿ ಮುಚ್ಚುವ ಮುಖವಾಡ ಹಾಕಿ ಕತ್ತಲ ಬೀದಿಗೆ ಕಳಿಸುವುದು ಸರಿಯಲ್ಲ. ಅಕ್ಕಪಕ್ಕದಿಂದ ಬರುವ ಕಾರು ಅವರಿಗೆ ಕಾಣುವುದೇ ಇಲ್ಲ. ಅವರಿಗೆ ಮುಖದ ಬಣ್ಣ, ಹಗುರವಾದ ಫೋಮ್ ಕವಚ ಸಾಕು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಹ್ಯಾಲೋವೀನ್ ದಿನಗಳು ನವರಾತ್ರಿಯ ಗೊಂಬೆ, ದೀಪಾವಳಿಯ ಹಣತೆಯ ಜೊತೆಯಲ್ಲೇ ಬರುತ್ತವೆ. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಿದ್ದಿದ್ದವು. ಗೊಂಬೆ ಹಬ್ಬಕ್ಕೆ ರಟ್ಟು ಕತ್ತರಿಸಿ ಕೋಟೆ ಕಟ್ಟಿದ ಅನುಭವವಿದ್ದರೆ ಫೋಮ್ ಕವಚದ ಅರ್ಧ ಪಾಠ ಆಗಲೇ ಆಗಿದೆ. ಹೊಸಬರು ಕವಚದಿಂದಲೇ ಆರಂಭಿಸುವುದು ಒಳ್ಳೆಯದು. ಅದಕ್ಕೆ ಎರಡು ವಾರಾಂತ್ಯ ಕೊಟ್ಟರೆ ನಡೆದೀತು. ಮುಖವಾಡಕ್ಕೆ ಮಣ್ಣು, ಅಚ್ಚು, ಒಣಗುವಿಕೆ, ಬಣ್ಣ ಎಲ್ಲ ಸೇರಿ ಒಂದು ತಿಂಗಳಾದರೂ ಬೇಕು.

ಹಬ್ಬ ಮುಗಿದ ಮೇಲೆ ಮುಖವಾಡವನ್ನು ಒಳಗಿನ ಬೆವರು ಒರೆಸಿ, ಪೌಡರ್ ಹಾಕಿ, ಮಡಿಸದೆ, ಕಾಗದ ತುಂಬಿ ಕತ್ತಲಲ್ಲಿ ಇಡಬೇಕು. ಬಿಸಿಲು, ಗಾಳಿಯ ಓಝೋನ್, ಎಣ್ಣೆ, ತಾಮ್ರ ಇವೆಲ್ಲ ರಬ್ಬರಿಗೆ ಶತ್ರುಗಳು. ಹಳೆಯ ಮುಖವಾಡಗಳು ಸಂಗ್ರಾಹಕರ ಕಪಾಟಿನಲ್ಲೂ ಗಡುಸಾಗಿ ಬಿರುಕು ಬಿಡುವುದು ಈ ಕಾರಣಕ್ಕೇ. ಅಚ್ಚು ಹಾಗಲ್ಲ. ಎರಡು ಹೋಳನ್ನೂ ಕೂಡಿಸಿ ಪಟ್ಟಿ ಬಿಗಿದು ತೇವ ತಾಗದ ಕಡೆ ಇಟ್ಟರೆ ಅದರಿಂದ ಇನ್ನೂ ಹಲವು ಮುಖಗಳು ಬರುತ್ತವೆ. ಮುಂದಿನ ಸಲ ಅದೇ ಮುಖಕ್ಕೆ ಹಸಿರು ಬದಲು ಬೂದಿ ಬಣ್ಣ ಕೊಡಬಹುದು, ಕೂದಲು ಸೇರಿಸಬಹುದು, ಒಂದು ಪ್ರತಿಯನ್ನು ಪಕ್ಕದ ಮನೆಯ ಹುಡುಗನಿಗೆ ಬಣ್ಣ ಹಚ್ಚಿ ಕಲಿಯಲು ಕೊಡಬಹುದು.